ಬುಧವಾರದ ನೀರು

ನಮ್ಮ ಬೀಗರ ಬೆನ್ನಿನ ಮೇಲೆ, ಎಡ ಹೆಗಲಿನ ಕೆಳಗೆ, ಹುಣಸೆಬೀಜದಷ್ಟು ದೊಡ್ಡ ಮಚ್ಚೆಯೊಂದಿತ್ತು. ಒದ್ದೆಯಾದಾಗ ಅದು ಹೊಳೆಯುತ್ತಿತ್ತು. ಮಗಳ ಮಾವನ ಬರಿಬೆನ್ನನ್ನು ಇಷ್ಟು ಚೆನ್ನಾಗಿ ಬಲ್ಲವನು ನಮ್ಮ ಕಡೆ ಇನ್ನೊಬ್ಬನಿರಲಾರ. ಹೇಗೆ ಬಲ್ಲೆ ಎಂದು ಹೇಳಹೊರಟರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಮೂರು ವರ್ಷದಿಂದ ನಾಳೆ, ನಾಡಿದ್ದು ಎನ್ನುತ್ತ ಬಂದೆ. ನನಗೀಗ ಎಪ್ಪತ್ತಾರು. ಮುಂದಕ್ಕೆ ಹಾಕಲು ಹೆಚ್ಚು ಜಾಗ ಉಳಿದಿಲ್ಲ.

ನಾನು ಹತ್ತನೆಯ ತರಗತಿ ಮುಗಿಸಿ, ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುತ್ತ ನಿವೃತ್ತನಾದವನು. ಬೀಗರು ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಅಮೆರಿಕಕ್ಕೆ ಹೋಗಿ, ಕ್ರಾಸ್‌ರೋಡ್ಸ್‌ನ ಅಪಾರ್ಟ್‌ಮೆಂಟಿನಲ್ಲಿ ಮಗ ಸೊಸೆಯ ಜೊತೆಗಿದ್ದರು. ಆ ಸೊಸೆ ನನ್ನ ಮಗಳು. ಮೂರು ವರ್ಷದ ಹಿಂದೆ ನಾನೂ ಆರು ತಿಂಗಳಿಗೆಂದು ಅಲ್ಲಿಗೆ ಹೋದೆ.

ಬಾಗಿಲ ಬಳಿಯ ಚಪ್ಪಲಿಗಳೆಲ್ಲ ಬೀಗರ ಕೈಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಬೆಳಗ್ಗೆ ಬೋಳುತಲೆಗೆ ಕೊಬ್ಬರಿ ಎಣ್ಣೆ ಸವರಿ, ಕಿಟಕಿಯ ಬೆಳಕು ಅದರಲ್ಲಿ ಕಾಣುವವರೆಗೆ ತಿಕ್ಕುತ್ತಿದ್ದರು. ರಸ್ತೆ ದಾಟುವಾಗ ನನ್ನ ಮುಂದೆ ಕೈ ಅಡ್ಡ ಹಿಡಿದು, “ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಈಗ ನಡೀರಿ” ಎನ್ನುತ್ತಿದ್ದರು. ಆ ದನಿ ನನಗೆ ಚುಚ್ಚುತ್ತಿತ್ತು. ಮದುವೆಯಲ್ಲಿ ಇಡೀ ಛತ್ರದ ಎದುರು ಬಗ್ಗಿ ಅವರ ಮಗನ ಪಾದ ತೊಳೆದವನು ನಾನು. ಹೆಣ್ಣು ಕೊಟ್ಟವನ ಬೆನ್ನು ಅಂದು ಬಗ್ಗಿದ್ದು ಮತ್ತೆ ಪೂರ್ತಿ ನೇರವಾಗುವುದಿಲ್ಲ ಎಂದು ನಾನೇ ನಂಬಿಕೊಂಡಿದ್ದೆ. ಅವರು ಹಾಗೆಂದು ಯಾವತ್ತೂ ತೋರಿಸಿರಲಿಲ್ಲ.

ಪ್ರತಿ ಬುಧವಾರ ಅವರು ಟವೆಲಿನ ಚೀಲ ಹಿಡಿದು ಹೊರಡುತ್ತಿದ್ದರು.

“ಎಲ್ಲಿಗೆ ಬೀಗ್ರೇ?” ಎಂದೆ ಒಂದು ದಿನ.

“ಸ್ನಾನಕ್ಕೆ.”

“ಯಾಕೆ, ಮನೇಲಿ ನೀರು ಬರ್ತಿಲ್ವಾ?”

“ಇದು ಮೈಗಲ್ಲ, ಮಂಡಿಗೆ ಮಾಡ್ಸೋ ಸ್ನಾನ. ಬನ್ನಿ, ತೋರಿಸ್ತೀನಿ.”

ಮೂರು ಕಡೆ ಬಸ್ಸು ಬದಲಿಸಿ, ಟಕ್ವಿಲಾ ಎಂಬ ಊರು ದಾಟಿ, ಕೆಂಟಿನ ಗೋದಾಮುಗಳನ್ನೂ ದಾಟಿ ದಕ್ಷಿಣಕ್ಕೆ ಹೋದೆವು. ದಾರಿಯುದ್ದಕ್ಕೂ ಹಿಮದ ಬೆಟ್ಟವೊಂದು ಮೋಡದಲ್ಲಿ ಕಾಣಿಸಿ ಮರೆಯಾಗುತ್ತಿತ್ತು. ಕೊರಿಯಾದವರು ನಡೆಸುವ ಸಾರ್ವಜನಿಕ ಸ್ನಾನದ ಮನೆ ಅದು. ಪಕ್ಕದಲ್ಲಿ ಟೈರಿನಂಗಡಿ ಇದ್ದದ್ದರಿಂದ ನನಗೆ ಅರ್ಧ ಧೈರ್ಯ ಬಂತು. ಒಳಗೆ ಹೋದಮೇಲೆ ಆ ಅರ್ಧವೂ ಹೋಯಿತು. ಗಂಡಸರ ಭಾಗದಲ್ಲಿ ಯಾರ ಮೈಮೇಲೂ ಒಂದೆಳೆ ಬಟ್ಟೆಯಿರಲಿಲ್ಲ.

“ಚಡ್ಡಿ?” ಎಂದೆ.

“ಅದೂ ತೆಗೀಬೇಕು. ಇಲ್ಲಿ ಚಡ್ಡಿ ಹಾಕ್ಕೊಂಡೋನನ್ನೇ ಎಲ್ಲಾ ನೋಡೋದು.”

“ನಿಮ್ಮೆದುರಿಗಾ?”

“ನಾನು ಕನ್ನಡಕ ತೆಗೆದಿಟ್ಟಿದೀನಿ. ನೀವೂ ಒಂದೇ, ಆ ಕಂಬವೂ ಒಂದೇ.”

ಅವರು ಅಲ್ಲಿಯೂ ಡ್ರಿಲ್ ಮಾಸ್ತರೇ. “ಮೊದಲು ಈ ಮಣೆ ಮೇಲೆ ಕೂತು ಸೋಪು ಹಾಕಿ ತೊಳ್ಕೋಬೇಕು. ಆಮೇಲೆ ಕೊಳಕ್ಕೆ ಇಳೀಬೇಕು. ತಲೇಲಿ ಒಂದು ತೊಟ್ಟು ಎಣ್ಣೆ ಇರಬಾರದು.” ತಮ್ಮ ಬೋಳುತಲೆಯನ್ನು ಎರಡೆರಡು ಸಲ ತಿಕ್ಕಿ ತೊಳೆದೇ ಅವರು ನೀರಿಗಿಳಿಯುತ್ತಿದ್ದುದು.

ಆ ನೀರನ್ನು ಹೇಗೆ ಹೇಳಲಿ? ಹಬೆಯಲ್ಲಿ ಗೋಡೆಗಳು ಕರಗಿದ್ದವು. ಎಲ್ಲೋ ನೀರು ಬೀಳುವ ಸದ್ದು ಮಾತ್ರ. ಮುಖಗಳು ತೇಲಿ ಬಂದು ತೇಲಿ ಹೋಗುತ್ತಿದ್ದವು, ಯಾವುದಕ್ಕೂ ಊರಿರಲಿಲ್ಲ, ವಯಸ್ಸಿರಲಿಲ್ಲ. ನಾನು ಕಲ್ಲಂಚನ್ನು ಬಿಗಿಯಾಗಿ ಹಿಡಿದಿದ್ದೆ. “ಮೈ ಬಿಟ್ಬಿಡಿ ಬೀಗ್ರೇ, ನೀರು ಹಿಡ್ಕೊಳ್ಳುತ್ತೆ” ಎಂದರು ಅವರು, ಎಲ್ಲೋ ದೂರದಿಂದೆಂಬಂತೆ. ಬಿಟ್ಟೆ. ಡಿಪೋ, ಟೈರು, ಛತ್ರ, ಬಗ್ಗಿದ ಬೆನ್ನು, ಎಲ್ಲವೂ ಒಂದು ಗಳಿಗೆ ನನ್ನಿಂದ ಬಿಚ್ಚಿಕೊಂಡು ಹಬೆಯ ಜೊತೆ ಮೇಲಕ್ಕೆ ಹೋದವು.

ಅಲ್ಲಿ ಮೈ ಉಜ್ಜುವ ಕೊರಿಯಾದ ಮುದುಕರೊಬ್ಬರಿದ್ದರು. ಒರಟು ಬಟ್ಟೆಯ ಹಸಿರು ಕೈಗವಸು ತೊಟ್ಟು ಉಜ್ಜಿದರೆ ಮೈಯಿಂದ ಮಣ್ಣು ಸುರುಳಿಸುರುಳಿಯಾಗಿ ಏಳುತ್ತಿತ್ತು. ಬೀಗರು ಅವರನ್ನು “ಯಜಮಾನ್ರೇ” ಎಂದು ಕನ್ನಡದಲ್ಲೇ ಕರೆಯುತ್ತಿದ್ದರು. ಆ ಮುದುಕರು ಇವರನ್ನು “ಟೀಚರ್” ಎನ್ನುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಇಬ್ಬರೂ ಮಂಡಿನೋವಿನ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದರು. ಆ ದೇಶದಲ್ಲಿ ಬೀಗರನ್ನು ಮಗನ ಅಪ್ಪ, ಮೊಮ್ಮಗಳ ತಾತ ಎಂದಲ್ಲದೆ ಅವರಾಗಿಯೇ ಗುರುತು ಹಿಡಿಯುತ್ತಿದ್ದದ್ದು ಅದೊಂದೇ ಜಾಗದಲ್ಲಿ.

ನಾಲ್ಕನೆಯ ಬುಧವಾರ. ಬುಧವಾರ ನಮ್ಮಲ್ಲಿ ಗಂಡಸರು ಎಣ್ಣೆನೀರು ಹಾಕಿಕೊಳ್ಳುವ ದಿನ. ಮಗಳ ಅಡುಗೆಮನೆಯಿಂದ ಹರಳೆಣ್ಣೆಯ ಸಣ್ಣ ಬಾಟಲಿ ಚೀಲಕ್ಕೆ ಹಾಕಿಕೊಂಡಿದ್ದೆ. ಬೀಗರು ಬೂಟಿನ ದಾರದ ಜೊತೆ ಒದ್ದಾಡುತ್ತಿದ್ದಾಗ ನಾನು ಟಾಯ್ಲೆಟ್ಟಿಗೆ ಹೋಗಿ ತಲೆಗೂ ಮೈಗೂ ಎಣ್ಣೆ ತಿಕ್ಕಿಕೊಂಡೆ. ಎಣ್ಣೆ ಹಚ್ಚಿ ಬಿಸಿನೀರಲ್ಲಿ ನೆನೆಯುವುದು, ಕೊನೆಗೆ ತೊಳೆಯುವುದು, ಇದು ನಮ್ಮ ಮನೆಯ ಕ್ರಮ. ಸ್ನಾನ ಮಾಡುವುದನ್ನು ಈ ವಯಸ್ಸಿನಲ್ಲಿ ಬೀಗರಿಂದ ಕಲಿಯಬೇಕೇ ಎಂಬ ಹಟವೂ ಇತ್ತು. ಎರಡು ಚೊಂಬು ನೀರು ಸುರಿದುಕೊಂಡು ಕೊಳಕ್ಕಿಳಿದೆ. ಬೀಗರು ಎಂದಿನಂತೆ ತೊಳೆದುಕೊಂಡು ಬಂದು ನನ್ನೆದುರು ಕೂತು ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಬಣ್ಣದ ಉಂಗುರಗಳು ಹರಡತೊಡಗಿದವು. ಕನಸಿನಲ್ಲಿ ನೋಡುವಂತೆ ನೋಡುತ್ತಿದ್ದೆ, ಚೆಂದವಾಗಿಯೇ ಇದ್ದವು. ಆಮೇಲೆ ಪಕ್ಕದವನೊಬ್ಬ ತೋಳು ಮೂಸಿ ಎದ್ದ. ಇನ್ನೊಬ್ಬ ಎದ್ದ. ಕೊರಿಯಾದ ಮುದುಕರು ಓಡಿ ಬಂದರು. ಹಿಂದೆ ಮ್ಯಾನೇಜರು.

“ಆಯಿಲ್! ಹೂ?” ಎಂದು, ಎಣ್ಣೆ ಯಾರದು ಎಂಬಂತೆ ಮ್ಯಾನೇಜರು ನಮ್ಮಿಬ್ಬರನ್ನೂ ನೋಡಿದ.

ನಾನು ಬೆತ್ತಲೆ. ಸುತ್ತ ಪರದೇಶದ ಗಂಡಸರು. ಇಷ್ಟು ಹೇಳಿ ತಪ್ಪನ್ನು ಹೆದರಿಕೆಯ ಮೇಲೆ ಹಾಕಬಹುದು. ಆದರೆ ಹೆದರಿಕೆಯ ಕೆಳಗೆ ಇನ್ನೊಂದಿತ್ತು, ಇವರೂ ಒಂದು ಸಲ ತಲೆ ತಗ್ಗಿಸಲಿ ಎನ್ನುವುದು. ನನ್ನ ಕೈ ನೀರಿನಿಂದ ಮೇಲೆದ್ದಿತು. ಬೆರಳು ಬೀಗರ ಕಡೆ ತಿರುಗಿತು.

ಬೀಗರು ಕಣ್ಣು ಬಿಟ್ಟರು. ಕನ್ನಡಕವಿಲ್ಲದ ಕಣ್ಣು. ನನ್ನ ಬೆರಳು ಕಾಣದಿರಲಿ ಎಂದು ಆಸೆಪಟ್ಟೆ. ಕಂಡಿತ್ತು. ಅವರು ಮೆಲ್ಲನೆ ಎದ್ದು ನಿಂತು, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನಂತೆ, “ಎಸ್. ಮೈ ಮಿಸ್ಟೇಕ್” ಎಂದರು.

ಮ್ಯಾನೇಜರು ಅವರ ಹೆಸರಿದ್ದ ಕಾರ್ಡು ತೆಗೆದಿಟ್ಟುಕೊಂಡು, ಇನ್ನು ಬರಬೇಡಿ ಎಂದ. ಕೊಳದ ನೀರನ್ನೆಲ್ಲ ಬಿಟ್ಟುಬಿಟ್ಟರು. ನಾವು ಬಟ್ಟೆ ಹಾಕಿಕೊಳ್ಳುವಾಗ ನೀರು ಗೊಳಗೊಳ ಇಳಿಯುವ ಸದ್ದು ಕೇಳುತ್ತಲೇ ಇತ್ತು.

ಬಸ್ಸು ಕೆಂಟ್ ದಾಟಿತು. ಆಮೇಲೆ ಬೀಗರೇ, ಕಿಟಕಿಯ ಕಡೆ ನೋಡುತ್ತ, “ಹರಳೆಣ್ಣೆ ವಾಸನೆ ಚೆನ್ನಾಗಿರುತ್ತೆ. ನಮ್ಮಮ್ಮ ಹಚ್ತಿದ್ರು” ಎಂದರು. ಇಳಿಯುವಾಗ, “ಮನೇಲಿ ಹೇಳೋದ್ಬೇಡ ಬೀಗ್ರೇ. ನಿಮ್ಮ ಮಗಳು ಸುಮ್ನೆ ಬೇಜಾರು ಮಾಡ್ಕೋತಾಳೆ” ಎಂದರು.

ಮುಂದಿನ ಬುಧವಾರದಿಂದ ಅವರು ಬಚ್ಚಲಲ್ಲಿ ಪ್ಲಾಸ್ಟಿಕ್ ಟಬ್ಬಿಗೆ ಬಿಸಿನೀರು ತುಂಬಿ ಕಾಲಿಟ್ಟು ಕೂರುತ್ತಿದ್ದರು. ನೀರು ಮಂಡಿಯವರೆಗೆ ಬರುತ್ತಿರಲಿಲ್ಲ. ಬಗ್ಗಿ ಬಗ್ಗಿ ಬೊಗಸೆಯಲ್ಲಿ ಹಾಕಿಕೊಳ್ಳುತ್ತಿದ್ದರು. “ತಾತಾ, ನೋ ಸ್ಪಾ ಟುಡೇ?” ಎಂದು ಮೊಮ್ಮಗಳು ಕೇಳಿದರೆ, “ಅಲ್ಲಿ ನೀರು ಬದಲಾಯಿಸ್ತಿದಾರೆ ಪುಟ್ಟಾ” ಎನ್ನುತ್ತಿದ್ದರು. ಪ್ರತಿ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ನಡುಮನೆಯಲ್ಲಿ ಕೂತು ಪ್ರತಿ ವಾರವೂ ನಾನು ಕೇಳಿಸಿಕೊಂಡೆ.

ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಹೇಳಿಬಿಡಬೇಕೆಂದು ಬಾಯಿ ತೆರೆದೆ. “ಮಂಡಿ ನೋಡ್ಕೊಳ್ಳಿ” ಎಂಬ ಮಾತು ಬಂತು.

“ಮುಂದಿನ್ಸಲ ನೀವು ಬರೋಷ್ಟರಲ್ಲಿ ಬೇರೆ ಸ್ನಾನದ ಮನೆ ಹುಡುಕಿಟ್ಟಿರ್ತೀನಿ. ಸೋಪು ನೀವು ತನ್ನಿ” ಎಂದು ನಕ್ಕರು. ಆ ಚಳಿಗಾಲದಲ್ಲೇ ನಿದ್ದೆಯಲ್ಲಿ ಹೋಗಿಬಿಟ್ಟರು.

ಈ ವರ್ಷ ಮತ್ತೆ ಬಂದಿದ್ದೇನೆ. ಹೋದ ಬುಧವಾರ ಒಬ್ಬನೇ ಮೂರು ಬಸ್ಸು ಹತ್ತಿ ಅಲ್ಲಿಗೆ ಹೋದೆ. ಕೊರಿಯಾದ ಮುದುಕರು ಇನ್ನೂ ಇದ್ದಾರೆ. ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡಿ, “ಟೀಚರ್?” ಎಂದರು. ಕೈ ಮೇಲೆತ್ತಿ ತೋರಿಸಿದೆ. ಅವರು ಬಹಳ ಹೊತ್ತು ತಲೆ ಬಗ್ಗಿಸಿ ನಿಂತರು. ನಾನು ಎದೆ ಮುಟ್ಟಿಕೊಂಡು, “ಆಯಿಲ್, ಮಿ. ನಾಟ್ ಟೀಚರ್” ಎಂದೆ.

“ಐ ನೋ” ಎಂದರು ಮುದುಕರು. “ಟೀಚರ್ ಆಲ್ವೇಸ್ ವಾಷ್.”

ಮಣೆಯ ಮೇಲೆ ಕೂತು ಮೂರು ಸಲ ಸೋಪು ಹಾಕಿ ತೊಳೆದುಕೊಂಡೆ. ಕೊಳಕ್ಕಿಳಿದೆ. ಹಬೆಯಲ್ಲಿ ಎದುರಿಗೆ ಯಾರದೋ ಬೆನ್ನು ತೇಲಿದಂತಾಯಿತು. ಮಚ್ಚೆಗಾಗಿ ಹುಡುಕಿದೆ. ಬೀಗರನ್ನು ಹೆಸರು ಹಿಡಿದು ಕರೆಯುವ ವಾಡಿಕೆ ನಮ್ಮಲ್ಲಿಲ್ಲ. ಬೀಗರಾಗಿದ್ದ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕರೆದಿರಲಿಲ್ಲ. ಕಲ್ಲಂಚಿನಿಂದ ಕೈ ಬಿಟ್ಟೆ, ಮೈ ಬಿಟ್ಟೆ, ನೀರು ಹಿಡಿದುಕೊಂಡಿತು.

ಶಿವನಂಜಪ್ಪನವರೇ, ಎಣ್ಣೆ ನನ್ನದು.