ಅತ್ತೆಯ ಬೆರಳಚ್ಚು

ಇಟಲಿಯ ಸರೋವರದ ದಡದಲ್ಲಿರುವ ದುಬಾರಿ ರೆಸಾರ್ಟ್‌ನಲ್ಲಿ ಒಂದು ವಾರಕ್ಕೆ ರೂಮ್ ಬುಕ್ ಮಾಡಿ, ವೀಸಾಕ್ಕೆಂದು ಅತ್ತೆಯ ಜೊತೆ ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸ್‌ನ ಇಟಲಿ ಕಾನ್ಸುಲೇಟ್ ಕಚೇರಿಗೆ ಬಂದಿದ್ದೆ. ಬೆರಳಚ್ಚಿನ ಯಂತ್ರ ನನ್ನದನ್ನು ತಕ್ಷಣ ತೆಗೆದುಕೊಂಡಿತು. ಅತ್ತೆಯದನ್ನು ಮೂರು ಸಲವೂ ಒಪ್ಪಲಿಲ್ಲ. ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ವೀಸಾ ತಪ್ಪಿತೇನೋ ಎಂದು ನನಗೆ ದಿಗಿಲಾಯಿತು.

"ಇವರಿಗೇನು ಕೆಲಸ?" ಇಟಲಿಯ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ.

"ಮೈಸೂರಲ್ಲಿ ಮೂವತ್ತು ವರ್ಷ ಮೆಸ್ ನಡೆಸಿದ್ರು. ಅಡುಗೆ, ಪಾತ್ರೆ ತೊಳೆಯೋದು ಎಲ್ಲಾ ಇವರದೇ," ಎಂದೆ.

ಆತ ಹೋಟೆಲ್ ಬುಕಿಂಗ್ ನೋಡಿ ನಕ್ಕ. "ಈ ಹೋಟೆಲಲ್ಲಿ ಇವರಿಗೆ ಒಂದು ಲೋಟ ತೊಳೆಯೋಕೂ ಬಿಡಲ್ಲ."

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಹೌದಾ? ಹಾಗಾದ್ರೆ ಇನ್ನೊಂದ್ಸಲ ಒತ್ತುತೀನಿ ಅಂತ ಹೇಳಮ್ಮ," ಎಂದ ಅತ್ತೆ, ಸೆರಗಿಗೆ ಕೈ ಒರೆಸಿಕೊಂಡು, ಚಪಾತಿ ಹಿಟ್ಟು ನಾದುವಂತೆ ಮೈಭಾರವೆಲ್ಲ ಹಾಕಿ ಒತ್ತಿದರು.

ಹಸಿರು ದೀಪ ಹತ್ತಿದಾಗ ಮೊದಲು ಚಪ್ಪಾಳೆ ತಟ್ಟಿದವನು ಆ ಅಧಿಕಾರಿಯೇ.