ತಂಬಾಕಿನ ಮೇಲೆ ಸುರಿದ ಔಷಧ

ಮಗಳು ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಿದ್ದಳು. ಸೋಪು ಹಚ್ಚಿ ತೊಳೆದು, ಕಂದು ಬಣ್ಣದ ಅಯೋಡಿನ್ ಔಷಧದ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನರಗುಂದದ ನಮ್ಮ ಓಣಿಯ ಕಾಕಿ ನೆನಪಾದಳು. ಅವಳ ಹಿಂದೆಯೇ ಅವಳ ಕಾಲಿನ ವಾಸನೆ...

ಕಾಕಿ ನಮ್ಮ ಪಕ್ಕದ ಮನೆಯವಳು. ಸಕ್ಕರೆ ಕಾಯಿಲೆ ಇತ್ತು. ಮೇವು ಕೊಯ್ಯುವಾಗ ಕುಡುಗೋಲು ಪಾದಕ್ಕೆ ತಗಲಿತು. ಅವಳ ಭಾವನಿಗೆ ಕೈಗುಣ ಇದೆಯೆಂದು ಓಣಿಗೆಲ್ಲ ನಂಬಿಕೆ. ಆತ ತಂಬಾಕನ್ನು ನುಣ್ಣಗೆ ಅಗಿದು, ಉಗುಳಿನ ಸಮೇತ ಗಾಯಕ್ಕೆ ಒತ್ತಿ ಕಟ್ಟಿದ. ತಾನಾಗಿ ಉದುರುವ ತನಕ ಅದನ್ನು ತೆಗೆಯಬಾರದು, ತೆಗೆದರೆ ಕೈಗುಣಕ್ಕೆ ಅವಮಾನ. ದಿನಾ ಅದರ ಮೇಲೆಯೇ ಇನ್ನೊಂದು ಉಂಡೆ. ಕೀವು ಬಟ್ಟೆ ದಾಟಿ ಇಳಿಯಿತು, ನೊಣ ಮುತ್ತಿದವು. ನೋಡಲು ಬಂದವರು ಮೂಗಿಗೆ ಸೆರಗು ಹಿಡಿದುಕೊಂಡೇ, "ಅವರ ಕೈ ಭಾಳ ಚಲೋ ಐತಿ" ಅನ್ನುತ್ತಿದ್ದರು. ಥೂ... ಈಗಲೂ ಮೈ ಉರಿಯುತ್ತದೆ.

ವಾಸನೆ ಹಿಡಿದೇ ಬಂದಳೇನೋ ಎಂಬಂತೆ ಒಂದು ದಿನ ನರ್ಸಬಾಯಿ ಬಂದಳು. ಪಟ್ಟಿ ಬಿಚ್ಚಲು ಕೂತಳು. ಭಾವ ಬಾಗಿಲಲ್ಲಿ ನಿಂತಿದ್ದ. ಕಾಕಿ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಈ ಔಷಧ ಎಲ್ಲಾ ನಮೂನಿ ಕ್ರಿಮಿ ಕೊಲ್ಲತೈತ್ರಿ. ಆದ್ರ ಹೊಲಸಿನ ಮ್ಯಾಲೆ ಹಾಕಿದ್ರ ಏನೂ ಆಗಂಗಿಲ್ಲ. ಮೊದಲ ಅದನ್ನ ಕಿತ್ತ ಒಗದು ಚಂದಂಗ ತೊಳೀರಿ. ಲಗೂನ ದವಾಖಾನಿಗೆ ಬರ್ರಿ," ಎಂದು ಇಂಥದೇ ಕಂದು ಔಷಧದ ಬಾಟಲಿ ಇಟ್ಟು ಹೋದಳು.

ಕಾಕಿ ತಂಬಾಕನ್ನು ಮುಟ್ಟಲಿಲ್ಲ. ಅದರ ಮೇಲೆಯೇ ಔಷಧ ಸುರಿದಳು. "ಭಾವಾರು ಹಚ್ಚಿದ್ದನ್ನ ಹ್ಯಾಂಗ ತೆಗೀಲವಾ?" ಅಂದಳು ನನಗೆ. ಇಬ್ಬರ ಮಾತನ್ನೂ ನಡೆಸಿಕೊಟ್ಟ ಸಮಾಧಾನ ಅವಳ ಮುಖದಲ್ಲಿತ್ತು...

ಕೊನೆಗೆ ಗದಗಿನ ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಕಾಕಿ ಜೀವಂತ ತಿರುಗಿ ಬರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಭಾವ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತ ಅಂದ: "ನಂದು ಹಿಡದಿತ್ತು. ಆ ಬಾಟ್ಲಿ ಔಷಧ ಬಿದ್ದ ಮ್ಯಾಲೇ ಕಾಲ ಕೆಟ್ಟತು." ಕೂತವರೆಲ್ಲ ತಲೆಯಾಡಿಸಿದರು. ನನ್ನ ಅವ್ವನೂ.

ಈಗ ಮಗಳ ಮೊಣಕಾಲಿಗೆ ಹತ್ತಿ ಒತ್ತುತ್ತಿದ್ದಾಗ ಅವ್ವ ಒಳಗಿನಿಂದ ಬಂದಳು. ಬಾಟಲಿ ಕಂಡು ಅಲ್ಲೇ ನಿಂತಳು.

"ಅದ ಅಲ್ಲೇನ ನಿಮ್ಮ ಕಾಕಿ ಕಾಲ ತಿಂದಿದ್ದು? ಕೂಸಿಗೆ ಹಚ್ಚಬ್ಯಾಡವಾ."

ಅವಳ ಕಣ್ಣಲ್ಲಿ ನೀರಿತ್ತು. ಸತ್ತ ಗೆಳತಿಗಾಗಿ ಅವ್ವ ನಿಜವಾಗಿಯೂ ಅಳುತ್ತಿದ್ದಳು, ಅಳುತ್ತಲೇ ನನ್ನ ಕೈಯಿಂದ ಬಾಟಲಿ ಕಸಿದುಕೊಂಡಳು.