ರಜದವರ ಹೆಸರನ್ನೂ ಕೂಗಿದ ರೈಟರು

ಹಾನುಬಾಳು ಹೋಬಳಿಯ ಕಾಫಿ ತೋಟಗಳಲ್ಲಿ ರೈಟರೆಂದರೆ ಗಂಟಲು ದೊಡ್ಡದಿರಬೇಕು, ಮುಖ ಗಂಟಿಕ್ಕಿರಬೇಕು ಎಂಬ ನಂಬಿಕೆ ಬೇರೂರಿದ್ದ ಕಾಲದಲ್ಲಿ, ಆಳುಗಳ ಹಾಜರಿ ಹಿಡಿಯುವ ಆ ಕೆಲಸಕ್ಕೆ ಘನತೆಯನ್ನೂ ಒಂದಿಷ್ಟು ನಗುವನ್ನೂ ತಂದುಕೊಟ್ಟವರು ಶ್ರೀ ಶಾಂತಮಲ್ಲಪ್ಪನವರು. ಮೂವತ್ತೈದು ವರ್ಷ ಒಂದೇ ಎಸ್ಟೇಟಿನಲ್ಲಿ ದುಡಿದು ೨೦೦೭ರ ಮಾರ್ಚ್ ಕೊನೆಯಲ್ಲಿ ನಿವೃತ್ತರಾದ ಅವರ ಬಗ್ಗೆ ಹೊಗಳಿಕೆಗೇನೂ ಬರವಿಲ್ಲ. ಆದರೆ ಈ ಅಭಿನಂದನ ಗ್ರಂಥದ ಸುದ್ದಿ ಕಿವಿಗೆ ಬಿದ್ದಾಗ ಅವರೇ ಒಂದು ಕರಾರು ಹಾಕಿದರು: “ನನ್ನ ತಪ್ಪು ಬರೀದಿದ್ರೆ ನನ್ನ ವಿಷಯ ಒಂದಕ್ಷರಾನೂ ಬರೀಬೇಡಿ ಮಾರಾಯ್ರೇ.” ದೊಡ್ಡವರ ಮಾತು, ಮೀರುವ ಹಾಗಿಲ್ಲ.

ಬೆಳಗೋಡಿನ ಕಡೆಯವರಾದ ಶಾಂತಮಲ್ಲಪ್ಪನವರು ೧೯೭೨ರಲ್ಲಿ, ಈಗಿನ ಮಾಲೀಕರಾದ ಸುಬ್ಬಯ್ಯಗೌಡರ ತಂದೆಯ ಕಾಲದಲ್ಲಿ, ಈ ತೋಟಕ್ಕೆ ಬಂದರು. ಬೆಳಿಗ್ಗೆ ಏಳೂವರೆಗೆ ಸ್ಟೋರಿನ ಮುಂದಿನ ಕಣದಲ್ಲಿ ಹಾಜರಿ; ಆಮೇಲೆ ಇಡೀ ದಿನ ತೋಟ ಸುತ್ತಾಟ; ಸಂಜೆ ಹಣ್ಣಿನ ಅಳತೆ. ಆಳುಗಳಿಗೆ ಜ್ವರ ಬಂದರೆ ಮಾತ್ರೆ, ಆಳುಗಳ ಮನೆಸಾಲಾದ ಲೈನಿನಲ್ಲಿ ಜಗಳವಾದರೆ ಪಂಚಾಯ್ತಿ, ಎಲ್ಲವೂ ಅವರ ತಲೆಯ ಮೇಲೇ. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು, ತಮಗೂ ದಣಿವೆಂಬುದಿದೆ ಎಂಬ ಅನುಮಾನ ಆ ಮನುಷ್ಯನಿಗೆ ಬರಲೇ ಇಲ್ಲ.

೧೯೯೪ರ ಕೊಯ್ಲು ಎಲ್ಲರನ್ನೂ ಅರೆದುಹಾಕಿತು. ಫಸಲು ಜೋರು, ಗೌಡರಿಗೆ ಅವಸರ, ಸಂತೆಯ ದಿನದ ರಜವೂ ಬಂದ್. ಡಿಸೆಂಬರಿನಲ್ಲಿ ಹಳೆಯ ಆಳು ಭೂತಮ್ಮ ಎದೆನೋವೆಂದು ಗಿಡದ ಬುಡದಲ್ಲೇ ಕೂತಾಗ ಅವಳನ್ನು ಎತ್ತಿ ಜೀಪಿಗೆ ಹಾಕಿಕೊಂಡು ಸಕಲೇಶಪುರಕ್ಕೆ ಓಡಿದವರು ಶಾಂತಮಲ್ಲಪ್ಪನವರೇ. ಅವಳು ಉಳಿಯಲಿಲ್ಲ. ಮಣ್ಣು ಮಾಡುವಾಗ ಅವರೂ ಒಂದು ಹಿಡಿ ಮಣ್ಣು ಹಾಕಿ, ಮರುದಿನ ಏಳೂವರೆಗೆ ಕಣಕ್ಕೆ ಬಂದರು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಅಂದಿನಿಂದ ಊಟ ರುಚಿಸಲಿಲ್ಲ, ಕಂಡಕಂಡವರ ಮೇಲೆ ಸಿಡುಕು. ಹೆಂಡತಿ ಜಗದಾಂಬ ಮಾತಾಡಿಸಿದರೂ ಹೂಂ ಎನ್ನುವಷ್ಟರಲ್ಲೇ ಮಾತು ಮುಗಿಯುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಹಾಜರಿ ಕೂಗುತ್ತಾ ಅವರು “ಭೂತಮ್ಮ” ಎಂದರು. ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದರು. ಪುಸ್ತಕದಿಂದ ತಲೆಯೆತ್ತದೆ, “ಇವತ್ತೂ ತಡವಾ? ದಿನಾ ಇದೇ ಗೋಳಾಗೋಯ್ತು ಈ ಹೆಂಗ್ಸಿಂದು” ಎಂದು ಬೈದೂಬಿಟ್ಟರು. ಕಣದಲ್ಲಿದ್ದ ಅರವತ್ತೆರಡು ಜನರೂ ಒಬ್ಬಳ ಕಡೆ ತಿರುಗಿ ನೋಡಿದರು. ಭೂತಮ್ಮನ ಮಗಳು ಮಾದಮ್ಮ ಬುಟ್ಟಿಯನ್ನು ಕೆಳಗಿಟ್ಟು ಲೈನಿನ ಕಡೆ ನಡೆದುಬಿಟ್ಟಳು. ಆಗ ಅವರಿಗೆ ಅರಿವಾಯಿತು. ಕೈಯಲ್ಲಿದ್ದ ಪುಸ್ತಕ ಕೆಳಗೆ ಬಿತ್ತು; ಬಗ್ಗಿ ಎತ್ತಿಕೊಳ್ಳಲೂ ಆಗಲಿಲ್ಲ.

ಸುಬ್ಬಯ್ಯಗೌಡರು ಹದಿನೈದು ದಿನ ಮನೆಗೆ ಹೋಗಿ ಎಂದರು. ಅದು ಕರುಣೆಯೋ, ಬೇರೆ ರೈಟರನ್ನು ಹುಡುಕುವ ಮುನ್ನುಡಿಯೋ ತಿಳಿಯದೆ ಶಾಂತಮಲ್ಲಪ್ಪನವರು ಬೆಳಗೋಡಿನ ಮನೆಯಲ್ಲಿ ಮೊದಲ ನಾಲ್ಕು ದಿನ ಬರೀ ನಿದ್ದೆ ಹೊಡೆದರು. ಐದನೆಯ ದಿನ ಎದ್ದು ಕೂತು ಅತ್ತರು. ಕೆಲಸ ಹೋಗುವ ಭಯಕ್ಕಿಂತ, ಮಾದಮ್ಮನ ಮುಖವನ್ನು ಹೇಗೆ ನೋಡುವುದೆಂಬ ಚಿಂತೆಯೇ ಅವರನ್ನು ಹೆಚ್ಚು ತಿನ್ನುತ್ತಿತ್ತು. “ಹೋಗಿ ತಪ್ಪಾಯ್ತು ಅಂತ ಕೇಳ್ಕೊಳ್ಳಿ. ಬೈದ್ರೆ ಬೈಸ್ಕೊಂಡು ಬನ್ನಿ, ಮೈಯೇನು ಸವೆಯಲ್ಲ” ಎಂದು ಜಗದಾಂಬನವರೇ ಬಸ್ಸು ಹತ್ತಿಸಿದರು.

ಲೈನಿನ ಜಗುಲಿಯಲ್ಲಿ ಮಾದಮ್ಮ ಅವರನ್ನು ಕೂರಿಸಿದಳು. “ಸತ್ತೋರ ಹೆಸ್ರು ಕೂಗಿದ್ಕೆ ನಂಗೆ ಬೇಜಾರಿಲ್ಲ ಅಯ್ಯ. ಅವ್ವ ಇನ್ನೂ ಬದ್ಕವ್ಳೇನೋ ಅಂತ ಒಂದ್ ಗಳಿಗೆ ಅನ್ಸ್‌ಬುಡ್ತು. ಬೈದ್ರಲ್ಲ, ಅದು ತಡೀಲಿಲ್ಲ. ಅವ್ವ ಒಂದಿನಾನೂ ತಡ ಮಾಡ್ದೋಳಲ್ಲ. ನಿಮ್ಗೂ ಗೊತ್ತೈತೆ. ಈಗೀಗ ನೀವು ಪುಸ್ತಕ ನೋಡ್ತೀರಿ, ನಮ್ಮ ಮಖ ನೋಡಕಿಲ್ಲ.”

ದಣಿದ ಕಣ್ಣಿಗೆ ಎದುರಿನವರ ಮುಖ ಕಾಣುವುದಿಲ್ಲವೆಂಬುದು ಮನೆಯಲ್ಲಿ ನಿದ್ದೆ ಹೊಡೆದ ಮೇಲೆ ಅವರಿಗೂ ಹೊಳೆದಿತ್ತು. ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಅವರು ನೇರ ಗೌಡರ ಬಂಗಲೆಗೆ ಹೋದರು. ಕೊಯ್ಲಿನ ಕಾಲದಲ್ಲೂ ಪ್ರತಿಯೊಬ್ಬರಿಗೂ ಸರದಿಯ ಮೇಲೆ ವಾರಕ್ಕೊಂದು ದಿನ ಕೂಲಿ ಮುರಿಯದ ಬಿಡುವು ಕೊಡಬೇಕು, ರೈಟರೂ ಅದರಲ್ಲಿ ಸೇರಬೇಕು ಎಂದರು. ಗೌಡರು ನಕ್ಕುಬಿಟ್ಟರು. “ಹಣ್ಣು ನಿಮ್ಮ ಸರದಿಗೆ ಕಾಯ್ತದೇನ್ರೀ?”

“ಈ ಕೊಯ್ಲು ಮುಗಿಯೋವರ್ಗೆ ನೋಡಿ ಗೌಡ್ರೇ. ಕೆಲಸ ಕೆಟ್ರೆ ನಾನೇ ಪುಸ್ತಕ ಕೊಟ್ಟು ಹೋಗ್ತೀನಿ” ಎಂದರು ಶಾಂತಮಲ್ಲಪ್ಪನವರು. ಮಗಳ ಮದುವೆ ಎದುರಿಗಿದ್ದಾಗ ನಲವತ್ತೆಂಟರ ಮನುಷ್ಯ ಆಡಿದ ಮಾತಿದು, ಹುಡುಗಾಟವಲ್ಲ.

ಗೌಡರು ಒಪ್ಪಿದರು. ಮರುದಿನವೇ ಮೊದಲ ಸರದಿ, ಆಳು ಗಂಗಾಮಣಿಯದು. ಆ ಬೆಳಿಗ್ಗೆ ಹಾಜರಿಯಲ್ಲಿ ರೂಢಿಬಲದಿಂದ ಅವಳ ಹೆಸರನ್ನೂ ಕೂಗಿದರು, ಯಾರೂ ಓಗೊಡಲಿಲ್ಲ. ಮತ್ತದೇ ತಪ್ಪೇ? ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮಾದಮ್ಮ ಕೂಗಿದಳು: “ಮಲಗ್ಲಿ ಬುಡಿ ಅಯ್ಯ!” ಕಣವೆಲ್ಲ ಗೊಳ್ಳೆಂದಿತು. ಭೂತಮ್ಮ ಹೋದ ಮೇಲೆ ಆ ಕಣದಲ್ಲಿ ಕೇಳಿದ ಮೊದಲ ನಗು ಅದು. ಅಂದಿನಿಂದ ಅದೇ ಪದ್ಧತಿಯಾಯಿತು: ಬಿಡುವಿನವರ ಹೆಸರನ್ನೂ ಕೂಗಬೇಕು, ಉಳಿದವರೆಲ್ಲ ಸೇರಿ “ಮಲಗ್ಲಿ ಬುಡಿ” ಎನ್ನಬೇಕು. ರೈಟರ ಬಿಡುವಿನ ದಿನ ಓದು ಬಾರದ ಮಾದಮ್ಮ, ಲೈನಿನ ಮನೆಗಳ ಸಾಲು ಹಿಡಿದು, ಎಲ್ಲ ಹೆಸರುಗಳನ್ನೂ ನೆನಪಿನಿಂದಲೇ ಕೂಗುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ಅದನ್ನು ಕಂಡ ಮೇಲೆ ಶಾಂತಮಲ್ಲಪ್ಪನವರೂ ಹೆಸರು ಕೂಗಿ, ಮುಖ ನೋಡಿ, ಆಮೇಲೆ ಗುರುತು ಹಾಕುವುದನ್ನು ಕಲಿತರು. ಯಾರ ಕಣ್ಣು ಊದಿದೆ, ಯಾರು ಮಾತು ಬಿಟ್ಟಿದ್ದಾರೆ ಎಂಬುದು ಏಳೂವರೆಗೇ ಗೊತ್ತಾಗತೊಡಗಿತು.

ಆ ವರ್ಷ ಕೊಯ್ಲು ಮುಗಿದದ್ದು ಹಿಂದಿನ ವರ್ಷಕ್ಕಿಂತ ಒಂದು ದಿನ ತಡವಾಗಿ. ಆದರೆ ಬುಟ್ಟಿಯಲ್ಲಿ ಹಸಿಕಾಯಿ ಕಡಿಮೆ, ಮುರಿದ ರೆಂಬೆ ಕಡಿಮೆ, ಜ್ವರವೆಂದು ಮಲಗಿದವರೂ ಕಡಿಮೆ. ಗೌಡರು ತೋಟ ಸುತ್ತಿ ಬಂದರು, ಪುಸ್ತಕ ಕೇಳಲಿಲ್ಲ. ಮುಂದಿನ ವರ್ಷವೂ ಸರದಿ ನಡೆಯಿತು, ಅಷ್ಟೇ. ೨೦೦೩ರಲ್ಲಿ ಹಾಸನದ ಒಂದು ಶಿಬಿರದಲ್ಲಿ ಉದ್ಯೋಗ ಮನೋವಿಜ್ಞಾನದ ಉಪನ್ಯಾಸ ಕೇಳಿಬಂದ ನಮ್ಮ ರೈಟರು ಮಡದಿಗೆ ಹೇಳಿದರಂತೆ: “ಮಾದಮ್ಮ ಜಗುಲೀಲಿ ಹೇಳಿದ್ನೇ ಅವ್ರು ಪರದೆ ಮೇಲೆ ಚಿತ್ರ ಬಿಟ್ಟು ಹೇಳಿದ್ರು ಕಣೇ.” ದುಡಿಯುವವರ ಮನಸ್ಸು ಬತ್ತುವುದು ಕೆಲಸದ ಭಾರವೊಂದರಿಂದಲೇ ಅಲ್ಲ, ತಮ್ಮನ್ನು ಯಾರೂ ಕಾಣುತ್ತಿಲ್ಲ ಎಂಬುದರಿಂದಲೂ ಹೌದೆಂದು ಅವರು ನಂಬಿದರು, ಹಾಗೇ ನಡೆದರು.

ಸೇವೆಯ ಕೊನೆಯ ಬೆಳಿಗ್ಗೆ ಹಾಜರಿಯನ್ನು ತಾವೇ ಕೂಗಿದರು. ಮುಗಿಸಿ ಪುಸ್ತಕ ಮುಚ್ಚುವಾಗ, ಈಗ ತಲೆ ನರೆತಿರುವ ಮಾದಮ್ಮ ಮುಂದೆ ಬಂದು, “ಒಂದ್ ಹೆಸ್ರು ಬುಟ್‌ಬುಟ್ರಿ ಅಯ್ಯ” ಎಂದಳು. ಅವರು ಗಾಬರಿಯಿಂದ ಪುಸ್ತಕವನ್ನು ಮತ್ತೆ ಬಿಡಿಸಿದರು. ಅವಳು ಕಣದ ಕಡೆ ತಿರುಗಿ, ಮೂವತ್ತೈದು ವರ್ಷದಲ್ಲಿ ಯಾವ ಆಳೂ ಅಯ್ಯ ಎನ್ನದೆ ಬರಿದೇ ಕರೆಯದಿದ್ದ ಹೆಸರನ್ನು ಗಟ್ಟಿಯಾಗಿ ಕೂಗಿದಳು: “ಶಾಂತಮಲ್ಲಪ್ಪ!”

ಬಂದಿದ್ದೀನಿ ಎನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ಕಣವೆಲ್ಲ, ಸ್ಟೋರಿನ ಬಾಗಿಲಲ್ಲಿ ನಿಂತಿದ್ದ ಸುಬ್ಬಯ್ಯಗೌಡರೂ ಸೇರಿ, ಒಂದೇ ದನಿಯಲ್ಲಿ ಉತ್ತರ ಕೊಟ್ಟಿತು. ಶಾಂತಮಲ್ಲಪ್ಪನವರು ಪುಸ್ತಕವನ್ನು ಮಾದಮ್ಮನ ಕೈಗಿಟ್ಟು, ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು.

ಯಸಳೂರಿನ ಕಡೆಯ ತೋಟಗಳ ಹೊಸ ರೈಟರುಗಳಿಗೆ ಕೆಲಸ ಕಲಿಸಿಕೊಡಲು ಅವರು ಈಗಾಗಲೇ ಒಪ್ಪಿಕೊಂಡಿದ್ದಾರೆ. ಕಲಿಸಲಿ, ಜಗದಾಂಬನವರ ಜೊತೆ ನೂರು ವರ್ಷ ನಗುನಗುತ್ತ ಬಾಳಲಿ. ವಾರಕ್ಕೊಂದು ದಿನ ಮಾತ್ರ ಯಾರೂ ಅವರ ಕದ ತಟ್ಟಬೇಡಿ. ಮಲಗ್ಲಿ ಬುಡಿ.